ಯಾರೂ ನೋಡದ ಚಿತ್ರದ ನೆನಪು

ತೊಗರ್ಸಿಯ ಸುತ್ತಣ ನಾಡು ಶಾಸನಗಳ ನಾಡು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಒಂದಲ್ಲ ಒಂದು ವೀರಗಲ್ಲೋ ಮಾಸ್ತಿಗಲ್ಲೋ ಕಣ್ಣಿಗೆ ಬೀಳುತ್ತದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕವಿ ಕುಬ್ಜನು ಕದಂಬರ ಮೂಲಪುರುಷ ಮಯೂರಶರ್ಮನ ಕಥೆಯನ್ನು ಬರೆದು ಸುಮಾರು ಸಾವಿರದ ಐನೂರು ವರ್ಷಗಳಾಗಿವೆ. ಬಳ್ಳಿಗಾವಿಯ ಕೋಡಿಯಮಠದಲ್ಲಿ ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು ತಿಳಿಸುವುದು 1162ರ ಒಂದು ಶಾಸನ. ಇಂತಹ ನೆಲದಲ್ಲಿ ಬೆಳೆದವರಿಗೆ ಬರೆದಿಟ್ಟ ಮಾತಿನ ಮೇಲೆ ಸಹಜವಾಗಿಯೇ ಗೌರವವಿರುತ್ತದೆ. ಕಲ್ಲಿನಲ್ಲಿದ್ದರೆ ಅದು ನಿಜ, ತಾಮ್ರದ ತಗಡಿನಲ್ಲಿದ್ದರಂತೂ ಇನ್ನೂ ನಿಜ. ಅಚ್ಚಾದದ್ದೆಲ್ಲ ಸತ್ಯವೆಂದು ನಂಬಿದ ತಲೆಮಾರೂ ಒಂದಿತ್ತು. ಈ ಲೇಖಕನು ಅದರ ಕೊನೆಯ ಸಾಲಿನಲ್ಲಿ ಕುಳಿತವನು.

ಆದರೆ ಬರೆದದ್ದೆಲ್ಲವೂ ನಡೆದದ್ದೇ? ಹಲವರು ಒಟ್ಟಾಗಿ ಹೇಳಿದ ಮಾತ್ರಕ್ಕೆ ಅದು ಇದ್ದುದೇ? ಈ ಪ್ರಶ್ನೆ ನನಗೆ ಎದುರಾದದ್ದು ಶಾಸನದ ಮುಂದಲ್ಲ, ನಮ್ಮ ಮನೆಯ ಜಗುಲಿಯಲ್ಲಿ. ಕ್ರಿಸ್ತಜಯಂತಿಯ ರಜೆಗೆ ಬಂದಿದ್ದ ಮನೆಯ ಮಕ್ಕಳು ರಾತ್ರಿ ಊಟದ ನಂತರ ಹಳೆಯದೊಂದು ಇಂಗ್ಲಿಷ್ ಚಿತ್ರದ ಬಗ್ಗೆ ಮಾತನಾಡುತ್ತಿದ್ದರು. ಅದರ ಹೆಸರು ‘ಗೊಂಚರೋವ್’. 1973ರಲ್ಲಿ ಮಾರ್ಟಿನ್ ಸ್ಕೋರ್ಸೇಸಿ ನಿರ್ದೇಶಿಸಿದ, ಇಟಲಿಯ ನೇಪಲ್ಸ್ ನಗರದ ಭೂಗತ ಲೋಕದ ಕಥೆಯಂತೆ. ನಾಯಕನ ಸಾವಿನ ದೃಶ್ಯ, ಮತ್ತೆ ಮತ್ತೆ ಕಾಣಿಸಿಕೊಳ್ಳುವ ಗಡಿಯಾರ, ಗೆಳೆಯನೇ ಬಗೆಯುವ ದ್ರೋಹ, ಹೀಗೆ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. “ದೊಡ್ಡಪ್ಪ, ನೀವು ನೋಡಿದ್ದೀರಾ?” ಎಂದು ಒಬ್ಬಳು ಕೇಳಿದಳು. “ಶಿವಮೊಗ್ಗದಲ್ಲಿ ಓದುವಾಗ ನೋಡಿದ ನೆನಪು” ಎಂದುಬಿಟ್ಟೆ. ಸುಳ್ಳು ಹೇಳಬೇಕೆಂಬ ಉದ್ದೇಶ ನನಗಿರಲಿಲ್ಲ. ಅವರ ವಿವರಣೆ ಕೇಳುತ್ತ ಕೇಳುತ್ತ ಚಿತ್ರಮಂದಿರದ ಕತ್ತಲೆ, ಮರದ ಕುರ್ಚಿ, ತೆರೆಯ ಮೇಲಿನ ಆ ನಟನ ಮುಖ ಎಲ್ಲವೂ ನಿಜವಾಗಿ ಕಣ್ಣ ಮುಂದೆ ಬಂದಿದ್ದವು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂತಹ ಚಿತ್ರವನ್ನು ಯಾರೂ ಎಂದೂ ತೆಗೆದೇ ಇರಲಿಲ್ಲ!

ಅಂದಿನ ನಾಚಿಕೆಯೇ ಈ ಬರಹಕ್ಕೆ ಪ್ರೇರಣೆ.

ಬೂಟಿನ ಮೇಲಿನ ಚೀಟಿ

ಈ ಇಲ್ಲದ ಚಿತ್ರಕ್ಕೂ ಒಂದು ಇತಿಹಾಸವಿದೆ. 2020ರಲ್ಲಿ ಒಬ್ಬರು ತಾವು ಕೊಂಡ ಅಗ್ಗದ ಬೂಟುಗಳ ಫೋಟೋವನ್ನು ಅಂತರ್ಜಾಲದಲ್ಲಿ ಹಂಚಿಕೊಂಡರು. ತಯಾರಕರ ಹೆಸರು ಇರಬೇಕಾದ ಚೀಟಿಯಲ್ಲಿ ಒಂದು ಚಲನಚಿತ್ರದ ವಿವರವಿತ್ತು: ಇದು ಮಾಫಿಯಾ ಕುರಿತ ಅತ್ಯಂತ ಶ್ರೇಷ್ಠ ಚಿತ್ರ, ಹೆಸರು ಗೊಂಚರೋವ್, ಅರ್ಪಿಸುವವರು ಮಾರ್ಟಿನ್ ಸ್ಕೋರ್ಸೇಸಿ, ಕಥೆ ನೇಪಲ್ಸಿನ ಮಾಫಿಯಾದ್ದು. ಇದೇನು ವಿಚಿತ್ರವೆಂದು ಅವರು ಆಶ್ಚರ್ಯಪಟ್ಟಾಗ, ಪಾಪ, ಇವರು ಗೊಂಚರೋವ್ ನೋಡಿಲ್ಲವೆಂದು ಇನ್ನೊಬ್ಬರು ಹಾಸ್ಯ ಮಾಡಿದರು. ಆ ಹಾಸ್ಯ ಎರಡು ವರ್ಷ ಬೀಜದಂತೆ ಮಣ್ಣಿನಲ್ಲಿ ಮಲಗಿತ್ತು.

2022ರ ನವೆಂಬರಿನಲ್ಲಿ ಕಲಾವಿದರೊಬ್ಬರು ಆ ಚಿತ್ರಕ್ಕೆ ಒಂದು ಭಿತ್ತಿಪತ್ರ ರಚಿಸಿದರು. ರಾಬರ್ಟ್ ಡಿ ನಿರೋ, ಅಲ್ ಪಚಿನೊ, ಹಾರ್ವಿ ಕೈಟಲ್ ಮುಂತಾದ ನಿಜವಾದ ನಟರ ಹೆಸರುಗಳು ಅದರಲ್ಲಿದ್ದವು. ಬಿಡುಗಡೆಯ ವರ್ಷ 1973 ಎಂದಾಯಿತು. ಮುಂದಿನ ಕೆಲವೇ ದಿನಗಳಲ್ಲಿ ಜಗತ್ತಿನ ನಾನಾ ಕಡೆಯ ಸಾವಿರಾರು ಜನ ಸೇರಿ ಚಿತ್ರವನ್ನು ‘ನೆನಪಿಸಿಕೊಳ್ಳತೊಡಗಿದರು’. ರಷ್ಯಾದಿಂದ ನೇಪಲ್ಸಿಗೆ ಬಂದ ಗೊಂಚರೋವ್, ಅವನ ಹೆಂಡತಿ ಕಾತ್ಯಾ, ಗೆಳೆಯ ಆಂಡ್ರೇ, ಹೀಗೆ ಪಾತ್ರಗಳು ಹುಟ್ಟಿದವು. ಒಬ್ಬರು ಗಡಿಯಾರದ ಸಂಕೇತವನ್ನು ವಿವರಿಸಿದರೆ ಮತ್ತೊಬ್ಬರು ಕೊನೆಯ ದೃಶ್ಯದ ಬಗ್ಗೆ ವಾದಿಸಿದರು. ಸಂಗೀತ ಬಲ್ಲವರು ಅದಕ್ಕೆ ಸಂಗೀತವನ್ನೇ ರಚಿಸಿದರು. ಪತ್ರಿಕೆಗಳು ಸುದ್ದಿ ಬರೆದವು. ಸ್ಕೋರ್ಸೇಸಿಯವರ ಮಗಳು ತಂದೆಯನ್ನು ಈ ಬಗ್ಗೆ ಕೇಳಿದಾಗ, ಅದನ್ನು ತಾವು ಬಹಳ ವರ್ಷಗಳ ಹಿಂದೆಯೇ ಮಾಡಿದ್ದಾಗಿ ಅವರೂ ಆಟದಲ್ಲಿ ಸೇರಿಕೊಂಡು ಉತ್ತರಿಸಿದರು.

ಈ ಆಟಕ್ಕೆ ಯಾರೂ ನಾಯಕರಿರಲಿಲ್ಲ, ಬರೆದಿಟ್ಟ ನಿಯಮಗಳೂ ಇರಲಿಲ್ಲ. ಆದರೂ ಎಲ್ಲರಿಗೂ ಒಂದು ಒಳಮಾತು ತಿಳಿದಿತ್ತು. ಹಿಂದಿನವರು ಹೇಳಿದ್ದನ್ನು ಕಡಿಯಬಾರದು, ಅದಕ್ಕೆ ಒಂದು ಎಳೆ ಸೇರಿಸಬೇಕು. ನಮ್ಮ ಹಳ್ಳಿಗಳಲ್ಲಿ ಒಂದು ಕಥೆ ಜಗುಲಿಯಿಂದ ಜಗುಲಿಗೆ ಬೆಳೆಯುತ್ತ ಹೋಗುವ ಬಗೆಯೂ ಇದೇ ತಾನೆ?

ಇಷ್ಟು ಬೇಗ ಇದು ಕೈಗೂಡಿದ್ದು ಹೇಗೆಂದು ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಈ ಕಲ್ಪನೆಯ ಸುತ್ತ ನಿಜದ ಬೇಲಿ ಗಟ್ಟಿಯಾಗಿತ್ತು. 1973ರಲ್ಲಿ ಸ್ಕೋರ್ಸೇಸಿಯವರು ‘ಮೀನ್ ಸ್ಟ್ರೀಟ್ಸ್’ ಎಂಬ ಚಿತ್ರ ಮಾಡಿದ್ದು ನಿಜ. ಅದರಲ್ಲಿ ಕೈಟಲ್ ಮತ್ತು ಡಿ ನಿರೋ ನಟಿಸಿದ್ದೂ ನಿಜ. 1942ರಲ್ಲಿ ಹುಟ್ಟಿ, ನ್ಯೂಯಾರ್ಕಿನ ಇಟಾಲಿಯನ್ ವಲಸಿಗರ ಬೀದಿಯಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಪೀಠಸೇವಕರಾಗಿದ್ದವರು. ಗುರುವಾಗಬೇಕೆಂಬ ಹಂಬಲದಿಂದ ಕೆಲಕಾಲ ಕಿರಿಯ ಗುರುಮಠದಲ್ಲಿ ಓದಿದವರು. ಬೀದಿಯ ಹಿಂಸೆಯನ್ನೂ ಮನಸ್ಸಾಕ್ಷಿಯ ನೋವನ್ನೂ ಒಟ್ಟಿಗೆ ತೋರಿಸುವುದು ಅವರ ಚಿತ್ರಗಳ ಗುಣ. ಜಪಾನಿನಲ್ಲಿ ಹಿಂಸೆಗೊಳಗಾದ ಯೇಸುಸಭೆಯ ಗುರುಗಳನ್ನು ಕುರಿತು 2016ರಲ್ಲಿ ‘ಸೈಲೆನ್ಸ್’ ತೆಗೆದವರೂ ಅವರೇ. ಅವರ ಶೈಲಿ ಬಲ್ಲವರಿಗೆ, ಅವರು ಮಾಡದ ಚಿತ್ರವನ್ನು ಅವರದೆಂದು ಊಹಿಸುವುದು ಕಷ್ಟವಾಗಲಿಲ್ಲ. ಕಲ್ಪನೆಗೆ ಬಲ ಬರುವುದು ಅದು ಸತ್ಯದ ಪಕ್ಕದ ಮನೆಯಲ್ಲಿ ವಾಸವಾಗಿದ್ದಾಗ.

ಚೀಟಿಯ ಹಿಂದಿನ ರಕ್ತ

ಬೂಟಿನ ಚೀಟಿಯಲ್ಲಿ ನಿರ್ಮಾಪಕರೆಂದು ದೊಮೆನಿಕೊ ಪ್ರೊಕಾಚ್ಚಿ ಎಂಬ ಹೆಸರಿತ್ತು, ನಿರ್ದೇಶಕರೆಂದು ಮತ್ತೆಯೊ ಎಂಬ ಹೆಸರಿತ್ತು. ಈ ಸುಳಿವು ಹಿಡಿದು ಹೊರಟವರು ನಿಜವಾದ ಒಂದು ಚಿತ್ರವನ್ನು ತಲುಪಿದರು. 2008ರಲ್ಲಿ ಮತ್ತೆಯೊ ಗರೋನೆ ನಿರ್ದೇಶಿಸಿ ಪ್ರೊಕಾಚ್ಚಿ ನಿರ್ಮಿಸಿದ ‘ಗೊಮೊರ’ ಅದು. ಅಮೆರಿಕದಲ್ಲಿ ಅದನ್ನು ಸ್ಕೋರ್ಸೇಸಿಯವರ ಹೆಸರಿನಲ್ಲಿ ಅರ್ಪಿಸಲಾಗಿತ್ತು. ಎಲ್ಲೋ ಯಾರೋ ಆ ವಿವರವನ್ನು ತಪ್ಪುತಪ್ಪಾಗಿ ನಕಲು ಮಾಡಿ ಬೂಟಿಗೆ ಅಂಟಿಸಿರಬೇಕು.

‘ಗೊಮೊರ’ ಎಂಬ ಹೆಸರು ಬೈಬಲ್ ಓದುಗರಿಗೆ ಹೊಸದಲ್ಲ. ಆದಿಕಾಂಡದಲ್ಲಿ ಸೊದೋಮಿನೊಡನೆ ಬೆಂಕಿಗೆ ಆಹುತಿಯಾದ ಊರು ಅದು. ನೇಪಲ್ಸ್ ಪ್ರಾಂತ್ಯದ ಅಪರಾಧಿ ಕೂಟಕ್ಕೆ ‘ಕಮೊರ’ ಎಂದು ಹೆಸರು. ಎರಡನ್ನೂ ಸೇರಿಸಿ ಪತ್ರಕರ್ತ ರೊಬೆರ್ತೊ ಸವಿಯಾನೊ 2006ರಲ್ಲಿ ತನ್ನ ಪುಸ್ತಕಕ್ಕೆ ಆ ಹೆಸರಿಟ್ಟ. ಚಿತ್ರಕ್ಕೆ ಆಧಾರ ಆ ಪುಸ್ತಕವೇ. ಹೆಸರು ಹಿಡಿದು ಬರೆದ ತಪ್ಪಿಗೆ ಅವನಿಗೆ ಕೊಲೆ ಬೆದರಿಕೆ ಬಂತು. ಅದೇ ವರ್ಷದಿಂದ ಅವನು ಪೊಲೀಸರ ಕಾವಲಿನಲ್ಲಿ ಬದುಕಬೇಕಾಯಿತು.

ಅದೇ ಪ್ರದೇಶದ ಕಸಾಲ್ ದಿ ಪ್ರಿನ್ಚಿಪೆ ಎಂಬ ಊರಿನಲ್ಲಿ ಜುಸೆಪ್ಪೆ ದಿಯಾನಾ ಎಂಬ ಗುರುಗಳಿದ್ದರು. ಯುವಕರನ್ನು ಕಮೊರದ ಕೈಯಿಂದ ಬಿಡಿಸಲು ಅವರು ದುಡಿದರು. 1991ರ ಕ್ರಿಸ್ತಜಯಂತಿಯಂದು ಸುತ್ತಲಿನ ಇತರ ಗುರುಗಳೊಡನೆ ಒಂದು ಬಹಿರಂಗ ಪತ್ರ ಹೊರಡಿಸಿ, ಜನರ ಮೇಲಿನ ಪ್ರೀತಿಯೇ ತಮ್ಮನ್ನು ಸುಮ್ಮನಿರಗೊಡದು ಎಂಬ ಭಾವವನ್ನು ಪ್ರಕಟಿಸಿದರು. 1994ರ ಮಾರ್ಚ್ 19, ಸಂತ ಜೋಸೆಫರ ಹಬ್ಬ. ಅವರ ನಾಮದ ಹಬ್ಬವೂ ಹೌದು. ಬೆಳಗಿನ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ ದೇವಾಲಯದಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಅವರಿಗಾಗ ಮೂವತ್ತೈದು ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೊಲೆಯ ನಂತರ ಅವರ ಬಗ್ಗೆಯೇ ಕಟ್ಟುಕಥೆಗಳು ಹುಟ್ಟಿದವು. ಅವರೂ ಕಮೊರದವರೇ, ಆಯುಧಗಳನ್ನು ಬಚ್ಚಿಟ್ಟಿದ್ದರು, ಅವರ ನಡತೆ ಸರಿಯಿರಲಿಲ್ಲ ಎಂದೆಲ್ಲ ಹಬ್ಬಿಸಲಾಯಿತು. ಅಲ್ಲಿಯೂ ಒಬ್ಬರು ಒಂದು ಎಳೆ ಸೇರಿಸಿದರು, ಮತ್ತೊಬ್ಬರು ಇನ್ನೊಂದು. ಕಂಡವರು ಯಾರೂ ಇರಲಿಲ್ಲ, ಹೇಳುವವರು ಮಾತ್ರ ಬಹಳವಿದ್ದರು. ಆ ಸುಳ್ಳಿನ ಪೊರೆ ಕಳಚಲು ಅವರ ಗೆಳೆಯರೂ ಮನೆಯವರೂ ವರ್ಷಗಟ್ಟಲೆ ಹೋರಾಡಬೇಕಾಯಿತು. ಕೊಲೆ ಮಾಡಿಸಿದ ಮುಖಂಡನಿಗೆ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು 2003ರಲ್ಲಿ.

ಗೊಂಚರೋವ್ ಆಟಕ್ಕೂ ಈ ಅಪವಾದಕ್ಕೂ ಇರುವ ಹೊರಗಿನ ಹೋಲಿಕೆ ಕಂಡು ನನಗೆ ಭಯವಾಯಿತು. ಎರಡರಲ್ಲಿಯೂ ಇಲ್ಲದ್ದನ್ನು ಹಲವರು ಸೇರಿ ಕಟ್ಟಿದ್ದಾರೆ. ಆದರೆ ಮೊದಲನೆಯದರಲ್ಲಿ ಆಡುವವರಿಗೆಲ್ಲ ಅದು ಆಟವೆಂದು ಗೊತ್ತಿತ್ತು. ನನ್ನಂತಹ ಹೊರಗಿನವನು ಮೋಸಹೋದರೂ ನಗೆಪಾಟಲಾದನೇ ಹೊರತು ಏನನ್ನೂ ಕಳೆದುಕೊಳ್ಳಲಿಲ್ಲ. ಎರಡನೆಯದರಲ್ಲಿ ಸತ್ತವರ ಹೆಸರನ್ನು ಮತ್ತೊಮ್ಮೆ ಕೊಲ್ಲಲಾಯಿತು. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಇರುವುದು ಕಥೆ ಹೇಳುವವರನ್ನು ಗದರಿಸಲಿಕ್ಕಲ್ಲ, ಇಂತಹ ಕೊಲೆಯನ್ನು ತಡೆಯಲಿಕ್ಕೆ.

ಇದ್ದೂ ಇಲ್ಲವಾದದ್ದು

ಇಲ್ಲದ ಚಿತ್ರವೊಂದು ಹೀಗೆ ಜಗತ್ತನ್ನೇ ಸುತ್ತುತ್ತಿರುವಾಗ, ಇದ್ದ ಚಿತ್ರಗಳ ಗತಿ ಏನಾಗಿದೆ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಚಮನ್‌ಲಾಲ್ ಡುಂಗಾಜಿ ನಿರ್ಮಿಸಿದರು, ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ, ಹಾಡು ಬರೆದರು. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್ ನಟಿಸಿದರು. ಜನ ಮುಗಿಬಿದ್ದು ನೋಡಿದರು. ಆದರೆ ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಆ ಕಾಲದ ಫಿಲ್ಮ್ ಬೇಗ ಬೆಂಕಿ ಹೊತ್ತಿಕೊಳ್ಳುವ ವಸ್ತು. ಸೆಖೆಗೆ, ತೇವಕ್ಕೆ ಅದು ಹಾಳಾಗುತ್ತದೆ. ಓಡಿ ಮುಗಿದ ಚಿತ್ರದ ಸುರುಳಿಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸುವುದೂ ಇತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ಬಹಳಷ್ಟು ಹೋಗಿಬಿಟ್ಟಿತ್ತು. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ ಕೂಡ ಉಳಿಯಲಿಲ್ಲ. ನೂರಾರು ಜನರ ಬೆವರಿನಿಂದ ಹುಟ್ಟಿ, ಸಾವಿರಾರು ಜನ ಕಣ್ಣಾರೆ ಕಂಡ ಚಿತ್ರದ ಒಂದು ದೃಶ್ಯವನ್ನೂ ನಾವು ನೋಡಲಾರೆವು. ಯಾರೂ ಕಾಣದ ಚಿತ್ರದ ಕೊನೆಯ ದೃಶ್ಯವೋ ಎಲ್ಲರ ಬಾಯಲ್ಲಿದೆ! ಇತಿಹಾಸದ ನಗೆ ಕೆಲವೊಮ್ಮೆ ಕಹಿಯಾಗಿರುತ್ತದೆ.

ಆದರೆ ಈ ಕಥೆಗೆ ಇನ್ನೊಂದು ತಿರುವಿದೆ. ಯಾರ ಹೆಸರಿಗೆ ಇಲ್ಲದ ಚಿತ್ರವನ್ನು ಅಂಟಿಸಲಾಯಿತೋ ಆ ಸ್ಕೋರ್ಸೇಸಿಯವರೇ ಹಳೆಯ ಚಿತ್ರಗಳನ್ನು ಉಳಿಸಲು 1990ರಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿದವರು. ಅದರ ‘ವಿಶ್ವ ಸಿನಿಮಾ’ ಯೋಜನೆಯು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನೊಡನೆ ಸೇರಿ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಪುನರುಜ್ಜೀವನಗೊಳಿಸಿತು. ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಕಥೆ ಯು.ಆರ್. ಅನಂತಮೂರ್ತಿಯವರದು. ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದವರು, ನಮ್ಮ ಜಿಲ್ಲೆಯವರು.

ಆ ಚಿತ್ರದ ವಸ್ತುವನ್ನು ಇಲ್ಲಿ ನೆನೆಯುವುದು ಉಚಿತ. ಬಾಲವಿಧವೆ ಯಮುನೆ ಗರ್ಭಿಣಿಯಾದಳೆಂದು, ಬದುಕಿರುವಾಗಲೇ ಅವಳ ತಂದೆ ಅವಳಿಗೆ ಶ್ರಾದ್ಧ ಮಾಡುತ್ತಾನೆ. ಎಂದೂ ಬದುಕಿರದ ಗೊಂಚರೋವನನ್ನು ಜನ ಬದುಕಿದ್ದನೆಂದು ಆಡಿಕೊಂಡರು. ಕಣ್ಣೆದುರು ಬದುಕಿರುವ ಹೆಣ್ಣನ್ನು ಸಮಾಜ ಸತ್ತಳೆಂದು ಬರೆಯಿತು. ಅದು ಸುಳ್ಳೆಂದು ಬಲ್ಲ ಒಬ್ಬ ಸಾಕ್ಷಿ ಅಲ್ಲಿದ್ದಾನೆ, ಪಾಠಶಾಲೆಯ ಒಬ್ಬ ಪುಟ್ಟ ಹುಡುಗ. ಅವನ ಕಣ್ಣು ಇಲ್ಲದಿದ್ದರೆ ಯಮುನೆಯ ಕಥೆಯೇ ಇಲ್ಲ.

ನಮ್ಮ ನೆಲದ ತಾಮ್ರಪಟಗಳು

ಇಷ್ಟೆಲ್ಲ ಹೊರಗಿನ ಮಾತೇಕೆ, ಇಲ್ಲದ್ದನ್ನು ಇದ್ದಂತೆ ಬರೆಯುವ ಕಲೆ ನಮ್ಮ ಊರುಗಳಿಗೂ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬೇಗೂರು, ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಮತ್ತು ಇದೇ ಸೀಮೆಯ ಗೌಜ ಅಗ್ರಹಾರಗಳಲ್ಲಿ ದೊರೆತ ತಾಮ್ರಪಟಗಳು ವಿದ್ವಾಂಸರ ವಲಯದಲ್ಲಿ ಪ್ರಸಿದ್ಧ. ಅವುಗಳಲ್ಲಿ ಗೌಜದ ಶಾಸನವು ಕಾಲಿನ್ ಮೆಕೆಂಜಿಯವರ ಸಂಗ್ರಹದ ಮೂಲಕ 19ನೇ ಶತಮಾನದ ಆರಂಭದಲ್ಲಿಯೇ ಬೆಳಕಿಗೆ ಬಂದಿತ್ತು. ಈ ಪಟಗಳ ಪ್ರಕಾರ ದಾನ ಕೊಟ್ಟವನು ಬೇರೆ ಯಾರೂ ಅಲ್ಲ, ಪರೀಕ್ಷಿತನ ಮಗ, ಹಸ್ತಿನಾಪುರದ ಚಕ್ರವರ್ತಿ ಜನಮೇಜಯ! ತುಂಗಭದ್ರಾ ಮತ್ತು ಹರಿದ್ರಾ ನದಿಗಳ ಸಂಗಮದಲ್ಲಿ, ಹರಿಹರ ದೇವರ ಸನ್ನಿಧಿಯಲ್ಲಿ ಸರ್ಪಯಾಗ ಮಾಡಿ ಈ ಸೀಮೆಯ ಹಳ್ಳಿಗಳನ್ನು ಬ್ರಾಹ್ಮಣರಿಗೆ ಕೊಟ್ಟನಂತೆ.

ಬಿ.ಎಲ್. ರೈಸ್ ಮೊದಲಾದವರು ಇವುಗಳನ್ನು ಪರಿಶೀಲಿಸಿದರು. ಬಳಸಿದ ಲಿಪಿ, ಬಿರುದುಗಳ ಧಾಟಿ, ಬರವಣಿಗೆಯ ರೂಢಿ ಎಲ್ಲವೂ ಮಹಾಭಾರತದ ಕಾಲಕ್ಕಲ್ಲ, ಮಧ್ಯಯುಗದ ಕರ್ನಾಟಕಕ್ಕೆ ಸೇರಿದವು. ಇವುಗಳ ನಿಜವಾದ ಕಾಲ ಯಾವ ಶತಮಾನವೆಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿತ್ತು. ಜನಮೇಜಯನ ದಾನವೆಂಬ ಮಾತು ಮಾತ್ರ ನಿಲ್ಲಲಿಲ್ಲ. ಇಂತಹವನ್ನು ಕೂಟಶಾಸನ ಎನ್ನುತ್ತಾರೆ. ಭೂಮಿಯ ಹಕ್ಕು ಗಟ್ಟಿಯಾಗಬೇಕಾದರೆ ಕೊಟ್ಟವನು ದೊಡ್ಡವನಾಗಿರಬೇಕು, ಕೊಟ್ಟ ಕಾಲ ಹಳೆಯದಾಗಿರಬೇಕು ಎಂಬುದು ಇವುಗಳ ಹಿಂದಿನ ಲೆಕ್ಕ.

ಇದನ್ನು ಓದಿ ಯಾರೂ ಮುಗುಳ್ನಗಬೇಕಾಗಿಲ್ಲ. ಧರ್ಮಸಭೆಯ ಇತಿಹಾಸದಲ್ಲಿಯೂ ಇಂತಹದೊಂದು ಪತ್ರವಿದೆ. ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನನು ರೋಮ್ ನಗರವನ್ನೂ ಪಶ್ಚಿಮದ ನಾಡುಗಳನ್ನೂ ಜಗದ್ಗುರು ಸಿಲ್ವೆಸ್ಟರರಿಗೆ ಒಪ್ಪಿಸಿದನೆಂದು ಹೇಳುವ ದಾನಪತ್ರವು ನಿಜವಾಗಿ ಎಂಟನೇ ಶತಮಾನದ ಸೃಷ್ಟಿ. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ವಿದ್ವಾಂಸ ಅದರ ಲ್ಯಾಟಿನ್ ಭಾಷೆಯನ್ನು ಪರೀಕ್ಷಿಸಿ, ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಬಳಕೆಯಲ್ಲಿರದ ಪದಗಳು ಅದರಲ್ಲಿವೆಯೆಂದು ತೋರಿಸಿಕೊಟ್ಟ. ಅದಕ್ಕೂ ಮೊದಲೇ ಅದನ್ನು ಸಂಶಯಿಸಿದ್ದ ನಿಕೊಲಾಸ್ ಕೂಸಾ ಮುಂದೆ ಕಾರ್ಡಿನಲ್ ಆದರು. ವಲ್ಲಾ ಕೂಡ ಮುಂದೆ ಜಗದ್ಗುರುಗಳ ಕಾರ್ಯಾಲಯದಲ್ಲಿಯೇ ಸೇವೆ ಸಲ್ಲಿಸಿದ. ಸುಳ್ಳು ಪತ್ರವೊಂದು ಬಿದ್ದುಹೋದದ್ದರಿಂದ ವಿಶ್ವಾಸ ಬೀಳಲಿಲ್ಲ. ಸುಳ್ಳಿನ ಊರುಗೋಲು ಬೇಕಾದದ್ದು ಅಧಿಕಾರಕ್ಕೆ, ವಿಶ್ವಾಸಕ್ಕಲ್ಲ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಕಲ್ಪನೆಯನ್ನೇ ಬಿಡಬೇಕೇ? ಖಂಡಿತ ಬೇಡ. ಯೇಸುಸ್ವಾಮಿ ಹೇಳಿದ ಸಾಮತಿಗಳಲ್ಲಿನ ದುಂದುಗಾರ ಮಗನ ಊರು ಯಾವುದೆಂದು ಯಾರೂ ಹುಡುಕುವುದಿಲ್ಲ. ಕೇಳುವವರಿಗೆ ಅದು ಕಥೆಯೆಂದು ಗೊತ್ತು, ಅದರೊಳಗಿನ ಸತ್ಯವೂ ಗೊತ್ತು. ಅದೇ ಹೊತ್ತಿಗೆ, ಶುಭಸಂದೇಶಕಾರ ಲೂಕನು ತನ್ನ ಗ್ರಂಥದ ಆರಂಭದಲ್ಲಿ, ಕಣ್ಣಾರೆ ಕಂಡವರಿಂದ ಬಂದದ್ದನ್ನು ಮೊದಲಿನಿಂದ ವಿಚಾರಿಸಿ ಬರೆಯುತ್ತಿರುವುದಾಗಿ ಸ್ಪಷ್ಟಪಡಿಸುತ್ತಾನೆ. ಕಥೆಯನ್ನು ಕಥೆಯೆಂದು, ಸಾಕ್ಷ್ಯವನ್ನು ಸಾಕ್ಷ್ಯವೆಂದು ಹೇಳುವುದೇ ಪ್ರಾಮಾಣಿಕತೆ. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದಾಗ ಕೇಡು ಮೊದಲಾಗುತ್ತದೆ.

ಇಂದು ಪ್ರತಿ ಮನೆಯ ಪ್ರತಿ ಕೈಯಲ್ಲಿಯೂ ತಾಮ್ರಪಟ ಕೆತ್ತುವ ಸಾಧನವಿದೆ. ಯಾರೋ ಕಳುಹಿಸಿದ ಸುದ್ದಿಯನ್ನು ಬೆರಳ ತುದಿಯಿಂದ ನೂರು ಜನಕ್ಕೆ ದಾಟಿಸುತ್ತೇವೆ. ನೆರೆಯವನ ಮತದ ಬಗ್ಗೆ, ಊರಿನ ಒಬ್ಬ ಹೆಣ್ಣುಮಗಳ ಬಗ್ಗೆ, ಸತ್ತುಹೋದ ಒಬ್ಬ ಗುರುವಿನ ಬಗ್ಗೆ ಬಂದ ಮಾತಿಗೆ ನಮ್ಮದೂ ಒಂದು ಎಳೆ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಕಂಡವರು ಯಾರು? ಇದು ಆಟವೆಂದು ಎಲ್ಲರಿಗೂ ಗೊತ್ತಿದೆಯೇ? ಇದರಿಂದ ಯಾರಿಗೆ ಲಾಭ, ಯಾರಿಗೆ ಗಾಯ? ಶಾಸನತಜ್ಞರು ಕೇಳಿದ್ದೂ ಬಹುಮಟ್ಟಿಗೆ ಇವೇ ಪ್ರಶ್ನೆಗಳನ್ನು.

ಇದರ ಜೊತೆಗೆ ಇನ್ನೊಂದು ಕೆಲಸವಿದೆ. ಇದ್ದದ್ದನ್ನು ಉಳಿಸುವುದು. ನಮ್ಮ ಧರ್ಮಕೇಂದ್ರಗಳ ಹಳೆಯ ಜ್ಞಾನಸ್ನಾನದ ಪುಸ್ತಕಗಳು, ಮದುವೆಯ ಫೋಟೋಗಳು, ಮೊದಲು ಈ ಸೀಮೆಗೆ ಬಂದು ನೆಲೆಸಿದ ಕುಟುಂಬಗಳ ಹಿರಿಯರ ಮಾತು, ಇವೂ ‘ಸತಿ ಸುಲೋಚನ’ದ ಸುರುಳಿಗಳಂತೆಯೇ ಗೆದ್ದಲಿಗೆ, ತೇವಕ್ಕೆ, ಮರೆವಿಗೆ ತುತ್ತಾಗುತ್ತಿವೆ. ಅವು ಹೋದ ಜಾಗ ಖಾಲಿ ಉಳಿಯುವುದಿಲ್ಲ. ಯಾರೋ ಒಂದು ಗೊಂಚರೋವನನ್ನು ತಂದು ಅಲ್ಲಿ ಕೂರಿಸುತ್ತಾರೆ.

ಆ ರಾತ್ರಿ ಮಕ್ಕಳ ನಗು ನಿಂತ ಮೇಲೆ ಅವರಲ್ಲಿ ಚಿಕ್ಕವಳು ನನ್ನ ಪಕ್ಕಕ್ಕೆ ಬಂದು ಕುಳಿತಳು. “ಹೋಗಲಿ ದೊಡ್ಡಪ್ಪ, ನೀವು ನಿಜವಾಗಿ ನೋಡಿದ ಮೊದಲ ಸಿನಿಮಾ ಯಾವುದು, ಯಾರ ಜೊತೆ ಹೋಗಿದ್ದಿರಿ?” ಎಂದು ಕೇಳಿದಳು. ತೀರಿಹೋದ ನನ್ನ ಅಣ್ಣನ ಕೈಹಿಡಿದು ಟೆಂಟಿನ ಮರಳಿನ ಮೇಲೆ ಕುಳಿತ ಸಂಜೆಯನ್ನು ನೆನಪಿಗೆ ಬಂದಷ್ಟೇ ಹೇಳಿದೆ. ನೆನಪಾಗದ ಕಡೆ ನೆನಪಿಲ್ಲ ಎಂದೆ. ಅವಳು ಅದನ್ನು ಒಂದು ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಂಡಳು.